ರೆಕ್ಕೆಯಿಲ್ಲದ ಹಾರುವ ಹಾವು ಹೇಗೆ ಹಾರುತ್ತದೆ? ಅದು ವಿಷಕಾರಿಯೇ?

ನಿಜ ಹೇಳಬೇಕೆಂದರೆ ಅದು ಹಾರುವುದಿಲ್ಲ, ಗಾಳಿಯಲ್ಲಿ ತೇಲುತ್ತಾ ಕೆಳಗಿಳಿಯುತ್ತದೆ. ಜಿಗಿದ ಜಾಗಕ್ಕಿಂತ ಮೇಲೇರಲು ಅದಕ್ಕಾಗದು.

ಕೊಂಬೆಯ ತುದಿಯಿಂದ ಕೊಕ್ಕೆಯಂತೆ ಇಳಿಬಿದ್ದು, ಮೈಯನ್ನು ಚಿಮ್ಮಿಸಿ ಜಿಗಿಯುತ್ತದೆ. ಕೂಡಲೇ ಪಕ್ಕೆಲುಬುಗಳನ್ನು ಅಗಲಿಸಿ ಮೈ ಚಪ್ಪಟೆ ಮಾಡಿಕೊಳ್ಳುತ್ತದೆ. ಆಗ ಅಗಲ ಸುಮಾರು ಎರಡು ಪಟ್ಟಾಗಿ, ಹೊಟ್ಟೆಯ ಭಾಗ ಒಳಬಾಗುತ್ತದೆ. ಇಡೀ ಮೈಯೇ ಒಂದು ರೆಕ್ಕೆ ಎನ್ನಿ! ಮೊದಲು ಕಡಿದಾದ ಇಳಿಜಾರಿನಲ್ಲಿ ಬೀಳುತ್ತದೆ. ವೇಗ ಹೆಚ್ಚಿದಂತೆ ಕೆಳಗಿನ ಗಾಳಿ ಮೈಯನ್ನು ಎತ್ತಿಹಿಡಿದು, ಇಳಿಜಾರು ಕಡಿಮೆಯಾಗುತ್ತದೆ. ಗಾಳಿಯಲ್ಲೂ ಅದು ಹರಿದಾಡುವಂತೆ ಬಳುಕುವುದು ಸುಮ್ಮನೆ ಅಲ್ಲ: ಬಳುಕು ನಿಂತರೆ ಸಮತೋಲನ ತಪ್ಪಿ ಮಗುಚಿಕೊಳ್ಳುತ್ತದೆ.

ವಿಷ ಸೌಮ್ಯ. ವಿಷದ ಹಲ್ಲುಗಳು ಮೇಲ್ದವಡೆಯ ಹಿಂಭಾಗದಲ್ಲಿವೆ. ಓತಿ, ಹಲ್ಲಿಗಳಿಗೆ ಅಷ್ಟು ಸಾಕು, ಮನುಷ್ಯರಿಗೆ ಪ್ರಾಣಾಪಾಯವಿಲ್ಲ. ಆದರೂ ಗುರುತು ಖಚಿತವಿಲ್ಲದ ಹಾವು ಕಚ್ಚಿದರೆ ಆಸ್ಪತ್ರೆಗೆ ಹೋಗಲೇಬೇಕು.