ಪ್ಯಾರಾಮೌಂಟ್ ಕಂಪನಿಯ ಹಳೇ ಬ್ಲೂಸ್ ರೆಕಾರ್ಡ್‌ಗಳಿಗೆ ಅಷ್ಟೊಂದು ಬೆಲೆ ಯಾಕೆ?

ಹಳೆಯದು ಅನ್ನೋ ಕಾರಣಕ್ಕಲ್ಲ. ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರ ಹಾಡಿನ ಶೈಲಿ. ಅದರ ಗಾಯಕಿ ಬೆಸ್ಸಿ ಸ್ಮಿತ್ ಅವರ ರೆಕಾರ್ಡ್‌ಗಳೂ ಅದೇ ಕಾಲದವು. ಆಗ ಲಕ್ಷಗಟ್ಟಲೆ ಮಾರಾಟವಾದವು, ಹಾಗಾಗಿ ಇವತ್ತೂ ಸಿಗುತ್ತವೆ. ಪ್ಯಾರಾಮೌಂಟ್‌ನ ಕೊನೆಯ ವರ್ಷಗಳ ಕಥೆಯೇ ಬೇರೆ.

ಇದು ಸಿನಿಮಾದ ಪ್ಯಾರಾಮೌಂಟ್ ಅಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಕುರ್ಚಿ ಮಾಡುತ್ತಿದ್ದ ಕಂಪನಿಯೊಂದು ಶುರು ಮಾಡಿದ್ದು. ಫೋನೋಗ್ರಾಫ್ (ರೆಕಾರ್ಡ್ ನುಡಿಸುವ ಯಂತ್ರ) ಪೆಟ್ಟಿಗೆ ಮಾರಬೇಕಿತ್ತು, ಅದರ ಜೊತೆಗೆ ರೆಕಾರ್ಡೂ ಬೇಕಲ್ವಾ! ಖರ್ಚು ಉಳಿಸಲು ಕಳಪೆ ಅರಗಿನ ಮಿಶ್ರಣ ಬಳಸಿದರು. ಹೊಸ ರೆಕಾರ್ಡಿನಲ್ಲೇ ಚರಪರ ಸದ್ದು. ಮೇಲೆ ಉಕ್ಕಿನ ಮುಳ್ಳು ಓಡಿ ಓಡಿ ಗೆರೆಗಳು ಸವೆದು ಬಿಳಿಚಿಕೊಳ್ಳುತ್ತಿದ್ದವು.

ಅಷ್ಟರಲ್ಲಿ 1929ರ ಆರ್ಥಿಕ ಕುಸಿತ ಬಂತು. ಬ್ಲೂಸ್ ಗಾಯಕ ಸ್ಕಿಪ್ ಜೇಮ್ಸ್ 1931ರಲ್ಲಿ ಗ್ರಾಫ್ಟನ್ ಊರಿನ ಕಂಪನಿಯ ಸ್ಟುಡಿಯೋದಲ್ಲಿ ಹಾಡಿದಾಗ ಕೊಳ್ಳುವವರೇ ಇರಲಿಲ್ಲ. ಹಾಗಾಗಿ ಆ ಕಾಲದ ಪ್ರತಿಗಳು ಉಳಿದಿರುವುದೇ ಕಡಿಮೆ, ಬೆಲೆಗೆ ಅದೇ ಕಾರಣ. ಜೇಮ್ಸ್ ಬ್ಲೂಸ್ ಬಿಟ್ಟು ಚರ್ಚಿನ ಕಡೆ ಹೋದರು. 1964ರಲ್ಲಿ ಬ್ಲೂಸ್ ಅಭಿಮಾನಿಗಳಾದ ಕೆಲವು ಹುಡುಗರು ಹುಡುಕಿಕೊಂಡು ಹೋದಾಗ ಮಿಸ್ಸಿಸ್ಸಿಪ್ಪಿಯ ಟ್ಯೂನಿಕಾ ಆಸ್ಪತ್ರೆಯಲ್ಲಿ ಮಲಗಿದ್ದರು. ಅದೇ ವರ್ಷ ನ್ಯೂಪೋರ್ಟ್ ಸಂಗೀತೋತ್ಸವದಲ್ಲಿ ಮತ್ತೆ ಹಾಡಿದರು. ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ಪ್ಯಾರಾಮೌಂಟ್‌ಗೆ ಹಾಡಿದ್ದ ಟಾಮಿ ಜಾನ್ಸನ್ 1956ರಲ್ಲೇ ತೀರಿಕೊಂಡಿದ್ದರು. ಅವರ ಒಂದು ರೆಕಾರ್ಡ್ 2013ರಲ್ಲಿ ಇಬೇ ಜಾಲತಾಣದ ಹರಾಜಿನಲ್ಲಿ 37,100 ಡಾಲರ್‌ಗೆ ಹೋಯಿತು.

ಸಂಗ್ರಹ ಶುರು ಮಾಡುವ ಆಸೆ ಇದ್ದರೆ ಇವುಗಳ ಬೆನ್ನು ಹತ್ತಬೇಡಿ. ಮೂಲ ಅಚ್ಚುಗಳು ಬಹುಪಾಲು ನಾಶವಾಗಿವೆ, ಆದ್ದರಿಂದ ಉಳಿದ ಸವೆದ ಪ್ರತಿಗಳಿಂದಲೇ ಮಾಡಿದ ಎಲ್‌ಪಿ, ಸಿಡಿಗಳಿವೆ. ಹಾಡು ಕೇಳಲು ಅವು ಸಾಕು. ಆದರೆ ಎಲ್ಲವೂ ಸಿಗುವುದಿಲ್ಲ: ಇದೇ ಕಂಪನಿಗೆ ವಿಲ್ಲಿ ಬ್ರೌನ್ ಎಂಬ ಗಾಯಕ 1930ರಲ್ಲಿ ಹಾಡಿದ ಒಂದು ರೆಕಾರ್ಡ್ ಯಾವ ಸಂಗ್ರಾಹಕರಿಗೂ ಸಿಕ್ಕಿದ್ದು ಗೊತ್ತಿಲ್ಲ.