ಗಾಳಿಯಲ್ಲಿ ಇಂಗಾಲ ಜಾಸ್ತಿಯಾದರೆ ಭತ್ತವೂ ಜಾಸ್ತಿ ಬರುತ್ತಾ? ನನ್ನ ಬೇಸಿಗೆ ಬೆಳೆಯ ಕಥೆ ಕೇಳಿ

ಇಂಗಾಲದ ಡೈಆಕ್ಸೈಡ್ ಹೆಚ್ಚಾದಷ್ಟೂ ಭತ್ತಕ್ಕೆ ಲಾಭ ಅಂತ ಓದಿದ್ದೀರಿ. ಅದಕ್ಕೇ ಬೇಸಿಗೆ ಬೆಳೆಗೆ ಗುತ್ತಿಗೆ ಹೊಲ ಹಿಡಿಯಬೇಕು ಅಂತಿದ್ದೀರಿ, ಯಾವ ತಳಿ ಹಾಕಲಿ ಅಂತ ಕೇಳಿದ್ದೀರಿ. ಕೆಲವು ವರ್ಷದ ಹಿಂದೆ ನಾನೂ ಇದನ್ನೇ ಓದಿ, ಇದನ್ನೇ ನಂಬಿ, ಗಂಗಾವತಿ ಕಡೆ ಆರು ಎಕರೆ ಗುತ್ತಿಗೆ ಹಿಡಿದಿದ್ದೆ.

ಓದಿದ್ದೇನೂ ಸುಳ್ಳಲ್ಲ. ಕಾರ್ಖಾನೆಗಳು ಬರುವ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲು ಇದ್ದ ಈ ಅನಿಲ ಈಗ 420 ದಾಟಿದೆ. ಭತ್ತದ ಎಲೆಗೆ ಅದು ಆಹಾರ. ಜಾಸ್ತಿ ಸಿಕ್ಕರೆ ತೆಂಡೆ, ಅಂದರೆ ಬುಡದಿಂದ ಬರುವ ಕವಲು, ಚೆನ್ನಾಗಿ ಒಡೆಯುತ್ತದೆ. ನನ್ನ ತಲೆಯಲ್ಲಿ ಇಷ್ಟೇ ಇತ್ತು: ಇಂಗಾಲ ಇದೆ, ಬಿಸಿಲಿದೆ, ಕಾಲುವೆ ನೀರಿದೆ, ಇನ್ನೇನು ಬೇಕು? "ನಾಟಿ ಸಂಕ್ರಾಂತಿ ದಾಟಸಬ್ಯಾಡ" ಅಂತ ಅಪ್ಪ ಎರಡು ಮೂರು ಸಲ ಹೇಳಿದ. ನಾನು ಕೇಳಲಿಲ್ಲ.

ನನ್ನ ತಪ್ಪು ಏನು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದನ್ನೇ ಮಾಡಲು ಹೊರಟಿದ್ದೀರಿ. ನಾನು ಕೊಯ್ಲಿನ ದಿನ ಲೆಕ್ಕ ಹಾಕಿದೆ, ಹೂವಿನ ದಿನ ಲೆಕ್ಕ ಹಾಕಲಿಲ್ಲ. ನನ್ನದು 125 ದಿನದ ತಳಿ. ಮುಂಗಾರಿನ ಕಟಾವು ತಡವಾಯಿತು, ಸಸಿಮಡಿಗೆ ಬೀಜ ಹಾಕುವಾಗ ಜನವರಿ 18 ಆಗಿತ್ತು. ಮೇ 23ಕ್ಕೆ ಕೊಯ್ಲು, ಮಳೆ ಹಿಡಿಯುವ ಮುಂಚೆ ಕಾಳು ಮನೆಗೆ, ಎಲ್ಲ ಸರಿಯಾಯ್ತಲ್ಲ ಅಂದುಕೊಂಡೆ. ಆದರೆ ಭತ್ತ ಹೂ ಬಿಡುವುದು ಕೊಯ್ಲಿಗೆ ಸುಮಾರು 30 ದಿನ ಮುಂಚೆ. ಅಂದರೆ ಏಪ್ರಿಲ್ 23. ನಮ್ಮ ಕಡೆ ಆಗ ಬೆಳಿಗ್ಗೆ ಹನ್ನೊಂದಕ್ಕೇ ಹೊಲದಲ್ಲಿ ನಿಲ್ಲಲು ಆಗುವುದಿಲ್ಲ. ಭತ್ತದ ಹೂ ತೆರೆಯುವುದೂ ಅದೇ ಹೊತ್ತಿಗೆ, ಒಂಬತ್ತರಿಂದ ಹನ್ನೆರಡರ ಒಳಗೆ. ಒಂದೊಂದು ಹೂವೂ ಒಂದೇ ಸಲ, ಸುಮಾರು ಒಂದು ಗಂಟೆ ತೆರೆದು ಮುಚ್ಚಿಕೊಳ್ಳುತ್ತದೆ. ಆ ಒಂದು ಗಂಟೆ ಬಿಸಿ 35 ಡಿಗ್ರಿ ದಾಟಿದರೆ ಪರಾಗ ಸರಿಯಾಗಿ ಉದುರುವುದಿಲ್ಲ, ಕಾಳು ಕಟ್ಟುವುದಿಲ್ಲ, ಹೊಟ್ಟು ಹೊಟ್ಟಾಗಿಯೇ ಉಳಿಯುತ್ತದೆ. ಆಮೇಲೆ ನೀರು ಕಟ್ಟಿ, ಯೂರಿಯಾ ಹಾಕಿ, ಏನು ಮಾಡಿದರೂ ಅದು ಜಳ್ಳೇ.

ಇನ್ನೊಂದು ವಿಷಯ ನನಗೆ ಆಮೇಲೆ ಗೊತ್ತಾಯಿತು. ಇಂಗಾಲದ ಡೈಆಕ್ಸೈಡ್ ಜಾಸ್ತಿ ಇದ್ದಾಗ ಎಲೆ ತನ್ನ ಸಣ್ಣ ರಂಧ್ರಗಳನ್ನು ಸ್ವಲ್ಪ ಮುಚ್ಚಿಕೊಳ್ಳುತ್ತದೆ. ನೀರು ಆವಿಯಾಗುವುದು ಕಡಿಮೆಯಾಗುತ್ತದೆ. ನಮಗೆ ಬೆವರು ಬರದಿದ್ದರೆ ಮೈ ಕಾಯುತ್ತದಲ್ವಾ, ಹಾಗೆ ಪೈರೂ ಕಾಯುತ್ತದೆ. ನೀವು ಲಾಭ ಅಂದುಕೊಂಡಿದ್ದೇ ಹೂವಿನ ಹೊತ್ತಿನಲ್ಲಿ ಬಿಸಿ ಇನ್ನಷ್ಟು ಹೆಚ್ಚಿಸುತ್ತದೆ.

ಮಾರ್ಚ್‌ನಲ್ಲಿ ನನ್ನ ಹೊಲ ನೋಡಿದವರೆಲ್ಲ ಹೊಗಳಿದ್ದರು, ಅಷ್ಟು ಹಸಿರಾಗಿತ್ತು. ಮೇ ಮೊದಲ ವಾರ ಬಂದರೂ ತೆನೆ ಬಾಗಲಿಲ್ಲ, ನೆಟ್ಟಗೆ ನಿಂತೇ ಇತ್ತು. ಅಪ್ಪ ಒಂದು ತೆನೆ ಕಿತ್ತು, ಅಂಗೈಯಲ್ಲಿ ಉಜ್ಜಿ ಊದಿದ. ಅರ್ಧಕ್ಕರ್ಧ ಹಾರಿ ಹೋಯಿತು. ಏನೂ ಮಾತಾಡಲಿಲ್ಲ, ಬದುವಿನ ಮೇಲೆ ಹೋಗಿ ಕುಳಿತ. ಎಕರೆಗೆ 38 ಚೀಲ ಬರುತ್ತೆ ಅಂದುಕೊಂಡಿದ್ದೆ, ಬಂದದ್ದು 17. ಗುತ್ತಿಗೆಗೇ 15 ಚೀಲ ಹೋಯಿತು. ಉಳಿದ ಕಾಳಿನಲ್ಲೂ ಸುಣ್ಣದಂಥ ಬಿಳಿ ಮಚ್ಚೆ, ಮಿಲ್ಲಿಗೆ ಹಾಕಿದರೆ ನುಚ್ಚೇ ಜಾಸ್ತಿ. ಕಾಳು ತುಂಬುವಾಗ ಸೆಕೆ ಹೆಚ್ಚಾದರೆ ಹಾಗಾಗುತ್ತದೆ.

ಹಗಲಿನ ಬಿಸಿಲು ಮಾತ್ರ ನೋಡಬೇಡಿ, ರಾತ್ರಿಯ ಸೆಕೆಯನ್ನೂ ನೋಡಿ. ಫಿಲಿಪೈನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಹೊಲಗಳಲ್ಲಿ 1992ರಿಂದ 2003ರವರೆಗಿನ ಲೆಕ್ಕ ತೆಗೆದಾಗ, ರಾತ್ರಿಯ ತಾಪ ಒಂದು ಡಿಗ್ರಿ ಏರಿದರೆ ಇಳುವರಿ ಸುಮಾರು 10% ಇಳಿದಿತ್ತು. ಇಳುವರಿ ಅಷ್ಟೇ ಅಲ್ಲ, ಅಕ್ಕಿಯ ಸತ್ವವನ್ನೂ ನೋಡಿ: ಜಪಾನ್ ಮತ್ತು ಚೀನಾದ ಬಯಲು ಗದ್ದೆಗಳಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿಸಿ ಬೆಳೆದು ನೋಡಿದ್ದಾರೆ. 2018ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಅಕ್ಕಿಯ ಪ್ರೋಟೀನ್ ಸರಾಸರಿ 10%, ಕಬ್ಬಿಣ 8%, ಸತು 5% ಕಡಿಮೆಯಾಗಿತ್ತು. ಎರಡು ಹೊತ್ತೂ ಅನ್ನವನ್ನೇ ಉಣ್ಣುವ ಮನೆಯ ಮಕ್ಕಳಿಗೆ ಇದು ಸಣ್ಣ ವಿಷಯವೇ ಅಲ್ಲ. ಚೀಲ ಎಣಿಸುವಾಗ ಇದನ್ನು ಯಾರೂ ಎಣಿಸುವುದಿಲ್ಲ.

ಆದ್ದರಿಂದ ಯಾವ ತಳಿ ಅನ್ನುವ ಪ್ರಶ್ನೆಯನ್ನೇ ಬಿಡಿ. ನಾಗಿನಾ 22 ಅಂತ ಬಿಸಿಲು ತಡೆಯುವ ಹಳೆಯ ತಳಿ ಇದೆ ನಿಜ, ಆದರೆ ಮಿಲ್ಲಿನವರು ಕೇಳುವುದು ಸೋನಾ ಅಕ್ಕಿ. ಮೊದಲು ನಿಮ್ಮ ಹೊಲ ಯಾವ ತಾರೀಖಿಗೆ ಹೂ ಬಿಡುತ್ತೆ ಅಂತ ಲೆಕ್ಕ ಹಾಕಿ. ಡಿಸೆಂಬರ್ ಹತ್ತರೊಳಗೆ ಸಸಿಮಡಿ ಆಗುವಂತಿದ್ದರೆ ಹೂವು ಮಾರ್ಚ್ ಮಧ್ಯಕ್ಕೆ ಮುಗಿಯುತ್ತದೆ, ಹಿಡಿಯಿರಿ. ಆಗುವುದಿಲ್ಲವಾದರೆ ಆ ಗುತ್ತಿಗೆ ಬೇಡವೇ ಬೇಡ, ಮುಂಗಡ ಕೊಟ್ಟಿದ್ದರೂ ಬಿಟ್ಟುಬಿಡಿ. ಮರುವರ್ಷ ನಾನು ಅದೇ ತಳಿಯನ್ನು ಡಿಸೆಂಬರ್ 8ಕ್ಕೆ ಹಾಕಿದೆ, ಎಕರೆಗೆ 36 ಚೀಲ ಬಂತು. ನಿಮ್ಮ ತಳಿ ಎಷ್ಟು ದಿನದ್ದು, ಸಸಿ ಯಾವಾಗ ಹಾಕುತ್ತೀರಿ, ಎರಡೂ ಇಲ್ಲಿ ಬರೆಯಿರಿ, ಹೂವಿನ ದಿನ ನಾನೇ ಲೆಕ್ಕ ಹಾಕಿ ಹೇಳುತ್ತೇನೆ.