ಮರಾಠಿ ಬಾರದ ಕನ್ನಡತಿಗೆ ಮುಂಬಯಿಯಲ್ಲಿ ಶಿಕ್ಷಕಿಯ ಕೆಲಸ ಸಿಗುತ್ತದೆಯೇ?

ಸಿಗುತ್ತದೆ. ಧಾರವಾಡದಲ್ಲಿ ಬಿ.ಎಸ್ಸಿ., ಬಿ.ಎಡ್. ಮುಗಿಸಿ ಮೂರು ವರ್ಷ ಗಣಿತ, ವಿಜ್ಞಾನ ಕಲಿಸಿದ್ದೀರಿ. ಮದುವೆಯಾಗಿ ಡೊಂಬಿವಲಿಗೆ ಬಂದಿದ್ದೀರಿ. ಕರ್ನಾಟಕದ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸಾಗಿದೆ, ಮರಾಠಿ ಬಾರದು. ಇಪ್ಪತ್ತು ಶಾಲೆಗಳಿಗೆ ಮೊಬೈಲ್‌ನಿಂದಲೇ ಅರ್ಜಿ ಕಳಿಸಿದರೂ ಒಂದರಿಂದಲೂ ಉತ್ತರ ಬಂದಿಲ್ಲ. ಕೆಲಸ ಎಲ್ಲಿ ಹುಡುಕಲಿ, ಕೈ ಹಿಡಿಯುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದೀರಿ. ಇಪ್ಪತ್ತೆರಡು ವರ್ಷಗಳ ಹಿಂದೆ ಕುಂದಾಪುರದಿಂದ ಬಂದು ಠಾಣೆಯಲ್ಲಿ ಇಳಿದಾಗ ನಾನು ಕೇಳಬೇಕೆಂದಿದ್ದ ಪ್ರಶ್ನೆಯೂ ಇದೇ. ಆಗ ಯಾರನ್ನು ಕೇಳಬೇಕೆಂದೇ ತಿಳಿದಿರಲಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಉತ್ತರ ಬಾರದ್ದಕ್ಕೆ ಕುಗ್ಗಬೇಡಿ. ಇಲ್ಲಿಯ ಖಾಸಗಿ ಶಾಲೆಗಳಲ್ಲಿ ಜಾಗ ಖಾಲಿಯಾಗುವ ಸುದ್ದಿ ಮೊದಲು ಹುಟ್ಟುವುದು ಶಿಕ್ಷಕರ ಕೋಣೆಯಲ್ಲಿ. ಒಬ್ಬರಿಗೆ ಹೆರಿಗೆ ರಜೆ, ಇನ್ನೊಬ್ಬರ ಗಂಡನಿಗೆ ಪುಣೆಗೆ ವರ್ಗ, ಮತ್ತೊಬ್ಬರಿಗೆ ವಿರಾರ್‌ನಿಂದ ಓಡಾಡಿ ಸಾಕಾಗಿದೆ. ಜಾಹೀರಾತು ಹೊರಬೀಳುವ ಹೊತ್ತಿಗೆ ಯಾರದೋ ಹೆಸರು ಮುಖ್ಯಾಧ್ಯಾಪಕಿಯ ಕಿವಿಗೆ ಬಿದ್ದಿರುತ್ತದೆ. ಆ ಹೆಸರು ನಿಮ್ಮದಾಗಬೇಕಾದರೆ ನೀವು ಪಾಠ ಮಾಡುವುದನ್ನು ಇಲ್ಲಿ ಯಾರಾದರೂ ಕಣ್ಣಾರೆ ನೋಡಿರಬೇಕು. ನನ್ನ ಅನುಭವದಲ್ಲಿ ಕೆಲಸ ಕೊಡಿಸಿದ್ದೂ ಅದೇ, ಆಮೇಲೆ ಕೆಲಸದಲ್ಲಿ ಉಳಿಸಿದ್ದೂ ಅದೇ.

ನನ್ನ ಮೊದಲ ಡೆಮೊ ಪಾಠ, ಅಂದರೆ ಕೆಲಸ ಕೊಡುವ ಮುನ್ನ ಮಾಡಿಸಿ ನೋಡುವ ಪಾಠ, ಮುಲುಂಡ್‌ನ ಒಂದು ಶಾಲೆಯಲ್ಲಿ. ಏಳನೆಯ ತರಗತಿ, ಭಿನ್ನರಾಶಿಗಳ ಭಾಗಾಕಾರ: ಮುಕ್ಕಾಲನ್ನು ಅರ್ಧದಿಂದ ಭಾಗಿಸಬೇಕು. ಊರಿನಲ್ಲಿ ಕಲಿಸುತ್ತಿದ್ದ ಹಾಗೆಯೇ ಎರಡನೆಯ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸಿದೆ. ಒಂದೂವರೆ ಬಂತು, ಮಕ್ಕಳು ಬರೆದುಕೊಂಡರು, ಎಂಟೇ ನಿಮಿಷದಲ್ಲಿ ಎಲ್ಲ ಮುಗಿಯಿತು. ಹಿಂದೆ ಕುಳಿತಿದ್ದ ಮುಖ್ಯಾಧ್ಯಾಪಕಿ ಎದ್ದು ಬಂದು ಮುಂದಿನ ಬೆಂಚಿನ ಹುಡುಗಿಯನ್ನು, “ಯಾಕಮ್ಮ ತಲೆಕೆಳಗು ಮಾಡಿದ್ದು?” ಎಂದು ಕೇಳಿದರು. ಹುಡುಗಿ ನನ್ನ ಮುಖ ನೋಡಿದಳು. ಉತ್ತರ ನನ್ನ ಬಳಿಯೂ ಇರಲಿಲ್ಲ.

ಕೆಲವು ವಾರಗಳ ನಂತರ ಮಾತುಂಗಾದಲ್ಲಿ ನಡೆದ ಕನ್ನಡ ಕಾರ್ಯಕ್ರಮವೊಂದರಲ್ಲಿ ಒಬ್ಬ ನಿವೃತ್ತ ಮಾಸ್ತರರ ಪರಿಚಯವಾಯಿತು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಓದಲು ಬರುತ್ತಿದ್ದ ನಮ್ಮ ಕರಾವಳಿಯ ಹುಡುಗರಿಗೆ ಕನ್ನಡ ರಾತ್ರಿ ಶಾಲೆಯಲ್ಲಿ ದಶಕಗಳ ಕಾಲ ಗಣಿತ ಕಲಿಸಿದವರು. ನಡೆದದ್ದನ್ನು ಹೇಳಿಕೊಂಡೆ. ಅವರು ಕಾರ್ಯಕ್ರಮದ ಆಮಂತ್ರಣ ಪತ್ರಿಕೆಯ ಅಂಚನ್ನೇ ಉದ್ದಕ್ಕೆ ಹರಿದು, ನಾಲ್ಕು ಮಡಿಕೆ ಮಾಡಿ, ಒಂದು ಮಡಿಕೆಯನ್ನು ಕಿತ್ತು ಮುಕ್ಕಾಲು ಪಟ್ಟಿಯನ್ನು ನನ್ನ ಕೈಗಿಟ್ಟರು. “ಇದರಲ್ಲಿ ಅರ್ಧಗಳು ಎಷ್ಟಿವೆ, ಎಣಿಸು.” ಎರಡು ಮಡಿಕೆ ಸೇರಿದರೆ ಒಂದು ಅರ್ಧ. ಉಳಿದದ್ದು ಒಂದು ಮಡಿಕೆ, ಅದು ಅರ್ಧದ ಅರ್ಧ. ಒಂದೂವರೆ! ಭಾಗಾಕಾರವೆಂದರೆ ಇದರಲ್ಲಿ ಅದು ಎಷ್ಟು ಸಲ ಇದೆ ಎಂಬ ಎಣಿಕೆ ಎಂದು ಬಿ.ಎಡ್. ಮುಗಿಸಿದ ನನಗೆ ಅಂದು, ಆ ಕಾಗದದ ಚೂರಿನಿಂದ ಅರ್ಥವಾಯಿತು.

ಮಾರ್ಚಿಯಲ್ಲಿ ಘಾಟ್ಕೋಪರ್‌ನ ಇನ್ನೊಂದು ಶಾಲೆಗೆ ಡೆಮೊಗೆ ಹೋದಾಗ ಪ್ರತಿ ಮಗುವಿಗೂ ಒಂದೊಂದು ಕಾಗದದ ಪಟ್ಟಿ ಒಯ್ದಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಟೀಚರ್, ಉಳಿದ ತುಂಡು ಕಾಲು ಭಾಗವಲ್ಲವೇ? ಉತ್ತರ ಒಂದೂಕಾಲು ಆಗಬೇಕಲ್ಲ?” ಎಂದ. ಅವನ ಕೈಯಿಂದಲೇ ಆ ತುಂಡನ್ನು ಅರ್ಧ ಪಟ್ಟಿಯ ಮೇಲೆ ಇಡಿಸಿದೆ. ಅರ್ಧವನ್ನು ಅದು ಎಷ್ಟು ಮುಚ್ಚಿತು ಎಂದು ಅವನೇ ನೋಡಿ, ಅವನೇ ತಿದ್ದಿಕೊಂಡ. ಮರುದಿನ ಶಾಲೆಯಿಂದ ಫೋನ್ ಬಂತು. ಆ ಶಾಲೆಯಲ್ಲೇ ಇಂದಿಗೂ ಇದ್ದೇನೆ.

ಆದ್ದರಿಂದ ಅರ್ಜಿಗಿಂತ ಮೊದಲು ನಾಲ್ಕು ಪಾಠಗಳನ್ನು ಸಿದ್ಧಮಾಡಿಕೊಳ್ಳಿ, ಎರಡು ಗಣಿತದ್ದು, ಎರಡು ವಿಜ್ಞಾನದ್ದು. ಮಹಾರಾಷ್ಟ್ರದ ಪಠ್ಯಪುಸ್ತಕಗಳನ್ನು ತಯಾರಿಸುವುದು ಪುಣೆಯ ಬಾಲಭಾರತಿ ಸಂಸ್ಥೆ. 1967ರಿಂದ ಇರುವ ಈ ಸಂಸ್ಥೆ ಕನ್ನಡದಲ್ಲೂ ಪುಸ್ತಕಗಳನ್ನು ಪ್ರಕಟಿಸುತ್ತದೆ, ಅವು ಅದರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಒಂದೇ ಪಾಠವನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಅಕ್ಕಪಕ್ಕ ಇಟ್ಟು ಓದಿ. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಸುವ ಅಂಜಿಕೆ ಅರ್ಧ ಅಲ್ಲೇ ಇಳಿಯುತ್ತದೆ.

ಕಾಲವೂ ಮುಖ್ಯ. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳು ಏಪ್ರಿಲ್‌ನಲ್ಲಿ ಶುರುವಾಗುವುದರಿಂದ ಅವುಗಳ ಸಂದರ್ಶನ ಜನವರಿಯಿಂದಲೇ ನಡೆಯುತ್ತದೆ. ರಾಜ್ಯ ಮಂಡಳಿಯ ಶಾಲೆಗಳು ತೆರೆಯುವುದು ಜೂನ್ ಮಧ್ಯದಲ್ಲಿ, ಅವುಗಳಿಗೆ ಮಾರ್ಚಿಯಿಂದ ಮೇ. ನಡುವೆ ಹೆರಿಗೆ ರಜೆಯ ಬದಲಿ ಹುದ್ದೆ ಬಂದರೆ, ಆರೇ ತಿಂಗಳಿನದಾದರೂ ಬಿಡಬೇಡಿ. ಶಿಕ್ಷಕರ ಕೋಣೆಯೊಳಗೆ ಕಾಲಿಡಲು ಅದಕ್ಕಿಂತ ಒಳ್ಳೆಯ ಬಾಗಿಲು ನನಗೆ ಕಂಡಿಲ್ಲ.

ನಮ್ಮವರ ಶಾಲೆಗಳನ್ನೂ ಮರೆಯಬೇಡಿ. ನಿಮ್ಮ ಡೊಂಬಿವಲಿಯಲ್ಲೇ ಕರ್ನಾಟಕ ಸಂಘದವರ ಮಂಜುನಾಥ ವಿದ್ಯಾಲಯವಿದೆ. ವಡಾಲಾದಲ್ಲಿ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿಯ ಶಾಲೆ, ಪೊವಾಯಿಯಲ್ಲಿ ಬಂಟರ ಸಂಘದ ಎಸ್.ಎಂ. ಶೆಟ್ಟಿ ಶಾಲೆ ಇವೆ. ಮುಂಬಯಿ ಮಹಾನಗರಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಅವುಗಳಲ್ಲಿ ಕನ್ನಡವೂ ಒಂದು. ಆದರೆ ಕನ್ನಡದವರೆಂಬ ಒಂದೇ ಕಾರಣಕ್ಕೆ ಹುದ್ದೆ ಸಿಗುವುದಿಲ್ಲ, ಸಿಗಲೂಬಾರದು. ಅಲ್ಲಿಗೆ ಹೋಗಿ “ಕೆಲಸ ಕೊಡಿ” ಎನ್ನುವ ಬದಲು “ಒಂದು ತರಗತಿಗೆ ಪಾಠ ಮಾಡಲು ಅವಕಾಶ ಕೊಡಿ, ತಪ್ಪಿದ್ದರೆ ಹೇಳಿ” ಎನ್ನಿ. ಹಾಗೆ ಕೇಳಿದವರನ್ನು ಯಾವ ಹಿರಿಯ ಶಿಕ್ಷಕಿಯೂ ಬೇಗ ಮರೆಯುವುದಿಲ್ಲ.

ಇನ್ನು ಪರೀಕ್ಷೆಗಳ ವಿಷಯ. ಕರ್ನಾಟಕದ ಟಿಇಟಿಗೆ ಇಲ್ಲಿ ಮಾನ್ಯತೆಯಿಲ್ಲ. ಕೇಂದ್ರದ ಸಿಟಿಇಟಿ ಬರೆಯಿರಿ. ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ, ಕನ್ನಡ ಮತ್ತು ಇಂಗ್ಲಿಷ್ ಆರಿಸಿಕೊಂಡರೆ ಮರಾಠಿಯ ತೊಡಕಿಲ್ಲ. 150 ಅಂಕಕ್ಕೆ 90 ಬಂದರೆ ಪಾಸು, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಪ್ರಮಾಣಪತ್ರ ಜೀವನಪೂರ್ತಿ ಸಿಂಧು. ನೀವು ಬರೆಯಬೇಕಾದದ್ದು 6ರಿಂದ 8ನೇ ತರಗತಿಯ ಎರಡನೇ ಪತ್ರಿಕೆ ಮಾತ್ರ. ಅದರಲ್ಲಿ 60 ಅಂಕ ಗಣಿತ-ವಿಜ್ಞಾನಕ್ಕೇ ಇದೆ. ಮೊದಲ ಪತ್ರಿಕೆಗೆ ಹಣ ಕಟ್ಟಬೇಡಿ, ಏಕೆಂದರೆ 1ರಿಂದ 5ನೇ ತರಗತಿಗೆ ಬಿ.ಎಡ್. ಅರ್ಹತೆಯಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ಹೇಳಿದೆ. ಅನುದಾನಿತ ಶಾಲೆ, ಪಾಲಿಕೆ ಮತ್ತು ಜಿಲ್ಲಾ ಪರಿಷತ್ತಿನ ಶಾಲೆಗಳ ಕಾಯಂ ಹುದ್ದೆ ಬೇಕಾದರೆ ಟಿಎಐಟಿ ಎಂಬ 200 ಅಂಕಗಳ ಇನ್ನೊಂದು ಪರೀಕ್ಷೆ ಬರೆದು, ರಾಜ್ಯದ ಶಿಕ್ಷಕರ ನೇಮಕಾತಿಯ ಜಾಲತಾಣವಾದ ಪವಿತ್ರ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಈ ಪರೀಕ್ಷೆ ಪ್ರತಿವರ್ಷ ನಡೆಯುವುದಿಲ್ಲ. ಆಯ್ಕೆಯಾದರೆ ಮೊದಲ ಮೂರು ವರ್ಷ ‘ಶಿಕ್ಷಣ ಸೇವಕ’ ಎಂಬ ಹೆಸರಿನಲ್ಲಿ ಗೌರವಧನವಷ್ಟೇ: 2023ರಲ್ಲಿ ಹೆಚ್ಚಿಸಿದ ಮೇಲೆ ಪ್ರಾಥಮಿಕಕ್ಕೆ ತಿಂಗಳಿಗೆ 16,000, ಮಾಧ್ಯಮಿಕಕ್ಕೆ 18,000 ರೂಪಾಯಿ. ಮೂರು ವರ್ಷ ಇದನ್ನು ತಾಳಿಕೊಳ್ಳಲು ಮನೆಯ ಲೆಕ್ಕ ಹೊಂದುತ್ತದೆಯೇ ಎಂದು ಯಜಮಾನರೊಡನೆ ಕುಳಿತು ಮೊದಲೇ ಮಾತಾಡಿಕೊಳ್ಳಿ.

ಮರಾಠಿ ಬಾರದು ಎಂದು ಬರೆದಿದ್ದೀರಿ. ಧಾರವಾಡದವರು ಹಾಗೆ ಹೇಳಬಾರದು! ಇಲ್ಲಿಯ ‘ಸುಟ್ಟಿ’ ನಿಮ್ಮ ಸೂಟಿ, ‘ಹಜೇರಿ’ ನಿಮ್ಮ ಹಾಜರಿ. ಖಡು ಎಂದರೆ ಸೀಮೆಸುಣ್ಣ, ಫಳಾ ಎಂದರೆ ಕರಿಹಲಗೆ, ಗೃಹಪಾಠ ಗೃಹಪಾಠವೇ. ಹಿಂದಿ ಓದಲು ಬಂದರೆ ಲಿಪಿಯೂ ಬಂದ ಹಾಗೆ. 2020ರ ಕಾನೂನಿನ ಪ್ರಕಾರ ರಾಜ್ಯದ ಎಲ್ಲ ಶಾಲೆಗಳಲ್ಲಿ ಹತ್ತನೆಯ ತರಗತಿಯವರೆಗೆ ಮರಾಠಿ ಕಡ್ಡಾಯ, ಶಿಕ್ಷಣ ಇಲಾಖೆಯ ಸುತ್ತೋಲೆಗಳೆಲ್ಲ ಮರಾಠಿಯಲ್ಲೇ ಬರುತ್ತವೆ. ಅದಕ್ಕಿಂತ ದೊಡ್ಡ ಕಾರಣ ಪಾಲಕರ ಸಭೆ. ಮಗನ ಅಂಕ ಕಡಿಮೆಯಾದ ಚಿಂತೆಯಲ್ಲಿ ಬಂದ ತಾಯಿ ತನ್ನ ಭಾಷೆಯಲ್ಲಿ ಹೇಳಿಕೊಳ್ಳುವಾಗ ನೀವು ಇಂಗ್ಲಿಷಿನಲ್ಲಿ ಉತ್ತರಿಸಿದರೆ ಆಕೆಗೆ ಸಮಾಧಾನವಾಗುವುದಿಲ್ಲ. ನಾನು ದಿನಕ್ಕೊಂದು ಸುತ್ತೋಲೆ ಓದಿ, ತರಕಾರಿಯವಳ ಜೊತೆ ಮಾತಾಡಿ ಕಲಿತೆ. ಒಂದು ವರ್ಷ ಸಾಕಾಯಿತು.

ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಓದಿ. ಘಾಟ್ಕೋಪರ್‌ಗಿಂತ ಮೊದಲು ಒಂದು ಸಣ್ಣ ಶಾಲೆಯಲ್ಲಿ ಕೆಲವು ತಿಂಗಳು ದುಡಿದಿದ್ದೆ. “ಪರಿಶೀಲನೆಗೆ” ಎಂದು ನನ್ನ ಬಿ.ಎಡ್. ಮೂಲ ಪ್ರಮಾಣಪತ್ರ ತೆಗೆದುಕೊಂಡರು. ನೇಮಕಾತಿ ಆದೇಶ ಇಂದು ಕೊಡುತ್ತೇವೆ, ನಾಳೆ ಕೊಡುತ್ತೇವೆ ಎಂದು ದೀಪಾವಳಿ ಕಳೆಯಿತು. ಬಿಡುತ್ತೇನೆ ಎಂದಾಗ ಪ್ರಮಾಣಪತ್ರ ಕಪಾಟಿನಲ್ಲಿದೆ, ಕೀಲಿ ಟ್ರಸ್ಟಿಗಳ ಬಳಿ ಇದೆ ಎಂದರು. ಮೂರು ತಿಂಗಳು ಅಲೆದೆ. ಕಚೇರಿಯ ಮುಂದಿನ ಆ ಮರದ ಬೆಂಚು, ಅದರ ಮೇಲೆ ಯಾರೋ ಕೊರೆದಿದ್ದ ಗುಣಾಕಾರದ ಚಿಹ್ನೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕೊನೆಗೆ ಮಾಸ್ತರರೇ ನನ್ನ ಜೊತೆ ಬಂದು, ಏನೂ ಮಾತಾಡದೆ ಒಂದು ಇಡೀ ಮಧ್ಯಾಹ್ನ ಅದೇ ಬೆಂಚಿನ ಮೇಲೆ ಕುಳಿತರು. ಸಂಜೆ ಪ್ರಮಾಣಪತ್ರ ಕೈಗೆ ಬಂತು.

ಮೂಲ ಪ್ರಮಾಣಪತ್ರವನ್ನು ತೋರಿಸಿ, ಕೊಡಬೇಡಿ. ಮೊದಲ ದಿನವೇ ಬರಹದ ಆದೇಶ ಕೇಳಿ: ಹುದ್ದೆ ಯಾವುದು, ವೇತನ ಎಷ್ಟು, ಯಾವ ದಿನಾಂಕದಿಂದ, ಕಾಯಂ ಜಾಗವೋ ತಾತ್ಕಾಲಿಕವೋ. ಹತ್ತು ತಿಂಗಳ ಒಪ್ಪಂದ ಮಾಡಿಸಿ ಮೇ ತಿಂಗಳ ಸಂಬಳ ತಪ್ಪಿಸುವ ಶಾಲೆಗಳಿವೆ, ಸಹಿ ಹಾಕುವ ಮುನ್ನ ಕೊನೆಯ ದಿನಾಂಕ ನೋಡಿ. ಮಹಾರಾಷ್ಟ್ರದಲ್ಲಿ ಖಾಸಗಿ ಶಾಲಾ ನೌಕರರಿಗಾಗಿ 1977ರ ಕಾಯಿದೆಯೊಂದಿದೆ. ಅದರ ಪ್ರಕಾರ ಕೆಲಸದಿಂದ ತೆಗೆದುಹಾಕಿದವರು ಆದೇಶ ಕೈಗೆ ಬಂದ 30 ದಿನಗಳೊಳಗೆ ಶಾಲಾ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಆ ಮೂವತ್ತು ದಿನಗಳನ್ನು ಅಳುತ್ತಾ ಕಳೆದವರನ್ನು ನಾನು ಬಲ್ಲೆ. ಖಾಸಗಿ ಶಾಲೆಯ ಶಿಕ್ಷಕರಿಗೂ ಗ್ರಾಚುಯಿಟಿಯ (ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಸಿಗುವ ಹಣದ) ಹಕ್ಕಿದೆ ಎಂಬುದನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿದಿದೆ, ಹಾಗಾಗಿ ಸಂಬಳದ ಚೀಟಿಗಳನ್ನೆಲ್ಲ ಜೋಪಾನವಾಗಿಡಿ. ನೋಂದಣಿಗೆಂದೋ ಹುದ್ದೆ ಕೊಡಿಸಲೆಂದೋ ಯಾರು ಹಣ ಕೇಳಿದರೂ ಅಲ್ಲಿಂದ ಎದ್ದು ಬನ್ನಿ. ಅನುದಾನಿತ ಹುದ್ದೆಯಾದರೆ ಶಿಕ್ಷಣಾಧಿಕಾರಿಯ ಮಾನ್ಯತೆ, ಸರ್ಕಾರದ ಸಂಬಳ ವ್ಯವಸ್ಥೆಯ ಗುರುತು ಸಂಖ್ಯೆಯಾದ ಶಾಲಾರ್ಥ ಐಡಿ ಇಲ್ಲದೆ ಸರ್ಕಾರದ ಸಂಬಳ ಬರುವುದಿಲ್ಲ. ದಲ್ಲಾಳಿಗೆ ಕೊಟ್ಟ ಹಣ ಮಾತ್ರ ಹೋಗಿರುತ್ತದೆ.

ನೆರವು ಯಾರು ಎಂದು ಕೇಳಿದಿರಿ. ವಿಜ್ಞಾನ, ಗಣಿತದವರಿಗೆ ಈ ಊರು ನಿಜಕ್ಕೂ ಶ್ರೀಮಂತ. ಮಾನ್‌ಖುರ್ದ್‌ನಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವಿದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಭಾಗವಾಗಿ 1974ರಲ್ಲಿ ಶುರುವಾದದ್ದು. ಮಕ್ಕಳು ಎಲ್ಲಿ, ಏಕೆ ತಪ್ಪುತ್ತಾರೆ ಎಂಬುದನ್ನೇ ಜೀವಮಾನವಿಡೀ ಅಧ್ಯಯನ ಮಾಡುವವರು ಅಲ್ಲಿದ್ದಾರೆ, ಶಿಕ್ಷಕರಿಗಾಗಿ ಕಾರ್ಯಾಗಾರಗಳೂ ನಡೆಯುತ್ತವೆ. ಡೊಂಬಿವಲಿಯಿಂದ ಕುರ್ಲಾಕ್ಕೆ ಬಂದು ಹಾರ್ಬರ್ ಲೈನಿನ ಗಾಡಿ ಹಿಡಿದರೆ ಆಯಿತು. 6 ಮತ್ತು 9ನೇ ತರಗತಿಯ ಮಕ್ಕಳಿಗೆ ಹೋಮಿ ಭಾಭಾ ಬಾಲವೈಜ್ಞಾನಿಕ ಸ್ಪರ್ಧೆ ನಡೆಸುವ ಮುಂಬಯಿಯ ವಿಜ್ಞಾನ ಶಿಕ್ಷಕರ ಸಂಘವೂ ಇದೆ. ನನ್ನ ಆಪ್ತ ಗೆಳತಿಯರಲ್ಲಿ ಇಬ್ಬರು ಸಿಕ್ಕಿದ್ದು ಆ ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವಾಗ. ಸರ್ಕಾರದ ಶಿಕ್ಷಣ ಆ್ಯಪ್ ಆದ ದೀಕ್ಷಾದಲ್ಲಿ ಉಚಿತ ತರಬೇತಿಗಳಿವೆ, ಪ್ರಮಾಣಪತ್ರವೂ ಬರುತ್ತದೆ. ಮಾಡಿಕೊಳ್ಳಿ, ಆದರೆ ಅದೊಂದನ್ನೇ ನಂಬಬೇಡಿ. ನೀವು ಕರಿಹಲಗೆಗೆ ಮುಖ ಮಾಡಿ ಮಾತಾಡುತ್ತೀರೋ ಮಕ್ಕಳಿಗೆ ಮುಖ ಮಾಡಿಯೋ ಎಂಬುದು ಪರದೆಗೆ ಕಾಣುವುದಿಲ್ಲ.

ಮಾಸ್ತರರು ಈಗಿಲ್ಲ. ಅವರು ಮಾಡುತ್ತಿದ್ದ ಕೆಲಸವನ್ನು ನಾವು ನಾಲ್ಕು ಜನ ಸಹೋದ್ಯೋಗಿಗಳು ಮುಂದುವರಿಸಿದ್ದೇವೆ: ತಿಂಗಳಿಗೆ ಒಂದು ಶನಿವಾರ ಒಬ್ಬರ ಪಾಠಕ್ಕೆ ಉಳಿದವರು ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತು ಕೇಳುತ್ತೇವೆ, ಆಮೇಲೆ ಚಹಾ ಕುಡಿಯುತ್ತಾ ತಪ್ಪು ಹೇಳುತ್ತೇವೆ. ಈಗ ಜೊತೆಗೆ ಟಿಇಟಿಯ ಓದೂ ಸೇರಿದೆ. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಇರುವ ಹಳೆಯ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು ಎಂದು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ತೀರ್ಪು ಕೊಟ್ಟಿದೆಯಲ್ಲ, ನನಗೂ ಅದು ಅನ್ವಯಿಸುತ್ತದೆ. ಮಕ್ಕಳ ಮನೋವಿಜ್ಞಾನದ ಭಾಗ ನನಗೆ ಕಷ್ಟವಾಗುತ್ತಿದೆ, ನಿಮಗೆ ಅದು ಹಸಿರಾಗಿ ನೆನಪಿರುತ್ತದೆ.

ಮೊದಲ ಪಾಠ ಸಿದ್ಧವಾದ ದಿನ ಈ ಉತ್ತರದ ಕೆಳಗೆ ಒಂದು ಸಾಲು ಬರೆಯಿರಿ. ಯಾವ ಶನಿವಾರ, ಎಲ್ಲಿ ಎಂದು ಗೊತ್ತುಮಾಡೋಣ. ಬರುವಾಗ ಕಾಗದದ ಪಟ್ಟಿಗಳನ್ನು ನಾನು ತರುತ್ತೇನೆ.